ಸ್ಲ್ಯಾಬಿನ ಮೇಲೆ ಸೊಪ್ಪು ಬೆಳೆಸಿದ ಗೌಂಡಿ

ಅವರ ಹಿಮ್ಮಡಿ ಅಗಲವಾಗಿತ್ತು, ಬಿರುಕು ಬಿಟ್ಟಿತ್ತು, ಬಿರುಕಿನೊಳಗೆ ಸುಣ್ಣ ಕೂತು ಬೆಳ್ಳಗಾಗಿತ್ತು. ಆ ಹಿಮ್ಮಡಿಯಿಂದಲೇ ಅವರು ಛಾವಣಿಯ ಜಾತಕ ಹೇಳುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು, ಕಾದ ಸ್ಲ್ಯಾಬಿನ ಮೇಲೆ ಬರಿಗಾಲಲ್ಲಿ ಓಡಾಡಿದರು. ಅಲ್ಲಲ್ಲಿ ಹಿಮ್ಮಡಿ ಕುಟ್ಟಿ ಸದ್ದಿಗೆ ಕಿವಿಗೊಟ್ಟರು. ಇಳಿದು ಬಂದು, "ಎಲ್ಡು ಕಡಿ ಟೊಳ್ಳು ಐತಿ ಸರ. ಅದನ್ನ ಮುಚ್ಚಿದ್ರ ನಿಮ್ಮ ಮನಿ ಮ್ಯಾಲ ಹೊಲಾನ ಮಾಡಬಹುದು" ಎಂದರು.

ಅವರು ಕೌಲ್ ಬಜಾರಿನಲ್ಲಿದ್ದ ಗೌಂಡಿ, ಗಾರೆ ಕೆಲಸದವರು; ಹುಟ್ಟೂರು ಬಾದನಹಟ್ಟಿ. ನಾನು ಹೈಸ್ಕೂಲಿನ ಹೆಡ್ ಮಾಸ್ತರಿಕೆಯಿಂದ ನಿವೃತ್ತನಾಗಿ ಕಂಟೋನ್ಮೆಂಟಿನಲ್ಲಿ ಮನೆ ಮಾಡಿದ್ದೆ. ಆ ವರ್ಷ ನನ್ನ ಹೆಂಡತಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಕೂಲರಿನ ತೇವಕ್ಕೆ ಉಬ್ಬಸ ಏಳುತ್ತಿತ್ತು, ಎ.ಸಿ.ಯ ಥಂಡಿಗೆ ಬಿದ್ದ ಕೈ ಸೆಟೆಯುತ್ತಿತ್ತು. ಸ್ಲ್ಯಾಬಿನ ಕಾವಿಗೆ ನಿದ್ದೆಯಿಲ್ಲದೆ ದಿನೇದಿನೇ ಸೊರಗುತ್ತಿದ್ದಳು. ಮೇ ತಿಂಗಳು ದಾಟಬೇಕಾದರೆ ಕೋಣೆ ತಂಪಾಗಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಛಾವಣಿಗೆ ಮಣ್ಣು ಹಾಸಿ ಸೊಪ್ಪು ಬೆಳೆಸಿ ತಂಪು ಮಾಡಿಕೊಡುತ್ತೇನೆಂದು ಗೌಂಡಿ ಒಪ್ಪಿದರು.

ಕೆಲಸ ಸೋಮವಾರ ಶುರುವಾಗಬೇಕಿತ್ತು. ಎಲ್ಲವೂ ಮುಂಚಿತವಾಗಿ ಸಿದ್ಧವಿರಬೇಕೆಂಬುದು ನನ್ನ ಅಭ್ಯಾಸ. ಭಾನುವಾರವೇ ಕುರುಗೋಡಿನ ಕಡೆಯಿಂದ ಒಂದು ಟ್ರ್ಯಾಕ್ಟರ್ ಸವುಳು ಮಣ್ಣು ತರಿಸಿ ಮೇಲೇರಿಸಿಬಿಟ್ಟೆ. ಸಿರುಗುಪ್ಪದಲ್ಲಿ ನಮ್ಮ ಹಳೆಯ ಮನೆಯ ಮಾಳಿಗೆಗೆ ಅಪ್ಪ ಪ್ರತಿ ಮಳೆಗಾಲದ ಮುಂಚೆ ಅದನ್ನೇ ಹಾಕಿಸುತ್ತಿದ್ದರು. ಮಾಳಿಗೆ ಎಂದರೆ ಸವುಳು. ಬೇರೆ ಯೋಚನೆಯೇ ನನಗೆ ಬರಲಿಲ್ಲ.

ಗೌಂಡಿ ಬಂದವರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಗುಳಿದರು.

"ಸರ, ಇದು ಉಪ್ಪು ಮಣ್ಣು. ಮಾಳಿಗಿ ಸೋರಬಾರದು, ಒಂದು ಹುಲ್ಲೂ ಹುಟ್ಟಬಾರದು ಅಂತ ಹಾಕತಿದ್ವಿ. ನೀವು ತೋಟ ಮಾಡಾಕ ತಂದೀರಿ."

"ಈಗೇನು ಮಾಡೋದು?"

"ಇಳಸೋದು. ಬಿಟ್ರ ಉಪ್ಪು ಇಳದು ಒಳಗಿನ ಕಬ್ಬಿಣ ತಿಂತೈತಿ. ಸಾಲ್ಯಾಗ ಹುಡುಗರು ತಪ್ಪು ಬರದ್ರ ಎಷ್ಟು ಸಲ ಬರಸ್ತಿದ್ರಿ?"

"ಹತ್ತು ಸಲ."

"ನಿಮಗ ಒಂದ ಸಲ ಸಾಕು. ಬುಟ್ಟಿ ಹಿಡೀರಿ."

ಇಳಿಸಲು ನಾಲ್ಕು ದಿನ ಹಿಡಿಯಿತು. ಬಿಸಿಲು ಏರುತ್ತಲೇ ಇತ್ತು. ಯಾಕೆ ತಡ ಎಂದು ನನ್ನ ಹೆಂಡತಿ ತೊದಲುತ್ತ ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಅವರೇ, "ನಂದ ತಪ್ಪು ಅಮ್ಮಾರ. ಯಾವ ಮಣ್ಣು ಅಂತ ನಾನು ಹೇಳಿದ್ದಿಲ್ಲ" ಎಂದರು.

"ಹೇಳಿದ್ರೂ ಇವರು ಕೇಳೋ ಪೈಕಿ ಅಲ್ಲ" ಎಂದಳು ಆಕೆ. ಬಹಳ ದಿನಗಳ ಮೇಲೆ ನಕ್ಕಳು.

ಟೊಳ್ಳು ಮುಚ್ಚಿ, ಇಟ್ಟಂಗಿ ಚೂರು ಹರಡಿ, ಮೇಲೆ ಗೋಣಿತಟ್ಟು ಹಾಸಿದರು. ಹೊಲದ ಮಣ್ಣಿಗೆ ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟು ಕಲಸಿ, ಹಗುರ ಮಾಡಿ, ಎಂಟು ಬೆರಳು ದಪ್ಪ ಹಾಕಿದರು. ಹೊನಗೊನ್ನೆ, ಬಸಳೆ, ದೊಡ್ಡಪತ್ರೆ ನೆಟ್ಟರು. ಚಿಗುರುವ ತನಕ ಭತ್ತದ ಹುಲ್ಲು ಹೊದಿಸಿದರು. ನಾನು ಪ್ರೀತಿಯಿಂದ ತಂದ ನಿಂಬೆ ಸಸಿಯನ್ನು ಮಾತ್ರ ಕೈಗೇ ವಾಪಸು ಕೊಟ್ಟರು. "ದೊಡ್ಡ ಗಿಡದ ಬೇರು ಮೊದಲು ನೀರು ಕೇಳತೈತಿ, ಆಮ್ಯಾಲ ಮನಿ ಕೇಳತೈತಿ."

ಮೇ ಅರ್ಧಕ್ಕೆ ಬರುವಷ್ಟರಲ್ಲಿ ಸೊಪ್ಪು ಮಣ್ಣನ್ನು ಮುಚ್ಚಿತು. ಒಂದು ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ನಿಂತು ಅವರು ನನ್ನನ್ನು ಸನ್ನೆಯಿಂದ ಕರೆದರು. "ಅಮ್ಮಾರ ಗೊರಕಿ ಕೇಳ್ರಿ. ಇನ್ನ ಥರ್ಮಾಮೀಟ್ರು ಬ್ಯಾಡ."

ಆ ಬೇಸಿಗೆಯನ್ನು ನನ್ನ ಹೆಂಡತಿ ದಾಟಿದಳು. ದಸರೆಯ ಹೊತ್ತಿಗೆ ಗೋಡೆ ಹಿಡಿದು ನಡೆದಳು.

ಕೆಲಸ ಮುಗಿದರೂ ಅವರು ಗಿಡ ನೋಡಲೆಂದು ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದರು. ಹತ್ತು ನಿಮಿಷ ಮೇಲೆ, ಆಮೇಲೆ ಕೋಣೆಯ ಹೊಸ್ತಿಲ ಬಳಿ ಗೋಡೆಗೊರಗಿ ನನ್ನ ಹೆಂಡತಿಯೊಡನೆ ಹರಟುತ್ತ ಅಲ್ಲೇ ಕಣ್ಣು ಮುಚ್ಚುತ್ತಿದ್ದರು. ನಮ್ಮಲ್ಲಿ ಎರಡರಿಂದ ನಾಲ್ಕು ವಿಶ್ರಾಂತಿಯ ಹೊತ್ತು. ಮರುವರ್ಷ ಬೇಸಿಗೆ ಹತ್ತಿದಾಗ, "ಸಂಜಿ ಐದಕ್ಕ ಬರ್ರಿ, ಅನುಕೂಲ ಆಗತೈತಿ" ಎಂದೆ. "ಆತು ಸರ" ಎಂದರು. ಮಾರನೆಯ ದಿನದಿಂದ ಐದೆಂದರೆ ಐದಕ್ಕೆ ಬಂದರು. ನನಗೆ ಸಮಾಧಾನವಾಯಿತು.

ಹೋದ ವರ್ಷ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕೌಲ್ ಬಜಾರಿನ ಅವರ ಮನೆಯೊಳಗೆ ನಾನು ಕಾಲಿಟ್ಟದ್ದು ಅಂದೇ ಮೊದಲು. ಒಂದೇ ಬಾಡಿಗೆ ಕೋಣೆ, ಮೇಲೆ ತಗಡು. ಕೂತ ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿತು. ನಾನು ಮೇಲೆ ನೋಡಿದ್ದನ್ನು ಅವರ ಹೆಂಡತಿ ಗಮನಿಸಿದರು.

"ತಗಡಿನ ಮ್ಯಾಲ ಮಣ್ಣು ನಿಂದರಂಗಿಲ್ಲ ಸರ. ಆ ಒಂದು ಬ್ಯಾಸಗಿ ನಿಮ್ಮ ಮನ್ಯಾಗ ಮಧ್ಯಾಹ್ನ ಚಲೋ ನಿದ್ದಿ ಮಾಡಿದ್ರು. ಆಮ್ಯಾಲ ಮಧ್ಯಾಹ್ನ ಹೋಗೋದು ಯಾಕ ಬಿಟ್ರಿ ಅಂತ ಕೇಳಿದ್ರ, ಗಿಡ ಈಗ ತಾವ ಬೆಳಿತಾವ ಅಂದ್ರು."

ಸಂಜೆ ಐದಕ್ಕೆ ಬರಲು ಹೇಳಿದವನು ನಾನೇ ಎಂಬ ನಿಜವನ್ನು ಆ ತಾಯಿಗೆ ಅಲ್ಲೇ ಹೇಳಿದೆ. ಅವರು ನೀರು ತಂದುಕೊಟ್ಟರು.

ಈಗ ನಮ್ಮ ಮನೆಯ ಸೊಪ್ಪು ಬಿಡಿಸಲು ಬರುವವರು ಅವರೇ. ನನ್ನ ಹೆಂಡತಿಯೇ ಹೇಳಿಕಳಿಸಿ ಕರೆಸಿದ್ದು. ಮೊದಲ ದಿನ ಬಾಗಿಲಲ್ಲಿ ನಿಂತು, "ದಿನಾ ಎಷ್ಟೊತ್ತಿಗೆ ಬರ್ಲಿ ಸರ?" ಎಂದು ಕೇಳಿದರು.

"ಬಿಸಲು ಏರಿದ ಕೂಡ್ಲೆ ಬರ್ರಿ" ಎಂದೆ. "ಇಳದ ಮ್ಯಾಲ ಹೋಗೀರಂತ."