ಎಡಗೈ ಹೆಬ್ಬೆರಳಿನ ಕೀಬೋರ್ಡು

ನನ್ನ ಮಗನಿಗೆ ಎಲ್ಲವನ್ನೂ ಒಂದೇ ನಮೂನೆ ಮಾಡುವ ಚಟ. ನವಲಗುಂದದ ಕಚೇರಿಯೊಂದರಲ್ಲಿ ದಿನವಿಡೀ ಕಂಪ್ಯೂಟರ್ ಬಡಿಯುತ್ತಾನೆ. ಅದು ಸಾಲದೆ ಒಂದು ರವಿವಾರ ನನ್ನನ್ನು ಕೇಳದೆ ನನ್ನ ಫೋನಿನ ಕೀಬೋರ್ಡನ್ನೂ ಬದಲಿಸಿಟ್ಟ.

"ಯವ್ವಾ, ನಮ್ಮ ಆಫೀಸಿನ ಕಂಪ್ಯೂಟರ್‌ದಾಗ ಇರೂ ಹಂಗ ಮಾಡೇನಿ. ಎಲ್ಲಾ ಕಡೆ ಒಂದ ನಮೂನಿ ಇದ್ರ ಚೊಲೊ."

"ನಾ ಯಾವಾಗ ಕಂಪ್ಯೂಟರ್ ಒತ್ತೀನಲೇ?"

"ಮುಂದ ಒತ್ತತಿ."

"ಮುಂದ ಅಂದ್ರ? ಸುಡುಗಾಡದಾಗ ಇಟ್ಟಾರೇನು ಕಂಪ್ಯೂಟರು?"

ನಕ್ಕು ಎದ್ದು ಹೋದ. ನನಗೆ ನಗು ಬರಲಿಲ್ಲ.

ನಾನು ಮೊನ್ನೆ ಮೊನ್ನೆ ಫೋನಿನಲ್ಲಿ ಬರೆಯಲು ಕಲಿತವಳು, ಅದೂ ಹೊಟ್ಟೆಕಿಚ್ಚಿಗೆ. ನಮ್ಮೂರಲ್ಲಿ ರೊಟ್ಟಿ ಬಡಿಯುವ ಹೆಂಗಸರದೊಂದು ಫೋನಿನ ಗುಂಪಿದೆ. ಯಾರದಾದರೂ ಮನೆಯಲ್ಲಿ ಕಾರ್ಯವಿದ್ದರೆ ಇಷ್ಟು ಖಡಕ್ ರೊಟ್ಟಿ ಬೇಕೆಂದು ಅಲ್ಲಿ ಹಾಕುತ್ತಾರೆ. ಮೊದಲು ಯಾರು "ನಾ ಮಾಡ್ತೀನಿ" ಎಂದು ಬರೆಯುತ್ತಾರೋ ಕೆಲಸ ಅವರದು. ಮಾತಾಡಿ ಕಳಿಸಿದರೆ ನಡೆಯುವುದಿಲ್ಲ. ಹಿಂದೆ ಎಲ್ಲರೂ ಒಟ್ಟಿಗೆ ಒದರಿ ಜಗಳವಾಗಿತ್ತು. ಬರೆಯಲು ಬಾರದ ನನ್ನ ಪಾಲಿನ ಕೆಲಸವನ್ನೆಲ್ಲ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹೊಡೆದುಕೊಳ್ಳುತ್ತಿದ್ದಳು. ಅವಳ ರೊಟ್ಟಿಯನ್ನು ಚಪ್ಪಲಿಯ ಅಟ್ಟೆಗೆ ಹಚ್ಚಿ ಹೊಲಿಯಬಹುದು.

ಅವಳು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರಿಸುತ್ತಾಳೆ. ತರಿಸಲಿ. ನನ್ನ ಕೀಬೋರ್ಡಿನಲ್ಲಿ ಅಕ್ಷರಗಳು ಶಾಲೆಯಲ್ಲಿ ಕಲಿತಂತೆ ಸಾಲಾಗಿ ಕೂತಿದ್ದವು. ಕ ಒತ್ತಿದರೆ ಮೇಲೆ ಕಾ, ಕಿ, ಕೀ ತಾವೇ ಬಂದು ನಿಲ್ಲುತ್ತಿದ್ದವು. ಬಲಗೈ ಹಿಟ್ಟಿನಲ್ಲಿರುವಾಗ ಎಡಗೈ ಹೆಬ್ಬೆರಳೊಂದರಿಂದಲೇ ನಾನು ಅವಳನ್ನು ಹಿಂದೆ ಹಾಕತೊಡಗಿದ್ದೆ.

ಮಗ ಕೈಹಚ್ಚಿದ ಮರುದಿನವೇ ಪಕ್ಕದ ಊರು ಮೊರಬದಿಂದ ದೊಡ್ಡ ಕೆಲಸ ಬಂತು. ಗೃಹಪ್ರವೇಶ, ಊರಿಗೆಲ್ಲ ಊಟ. ಹಂಚಿನ ಮೇಲೆ ರೊಟ್ಟಿ, ಎಡಗೈಯಲ್ಲಿ ಫೋನು. ನೋಡಿದರೆ ಅರ್ಧ ಅಕ್ಷರಗಳೇ ಇಲ್ಲ! ಇನ್ನೊಂದು ಕೀಲಿ ಒತ್ತಿದರೆ ಅವು ಮೇಲೆ ಬರುತ್ತವೆ, ಇವು ಒಳಗೆ ಹೋಗುತ್ತವೆ. ಮೇಜಿನ ಮೇಲೆ ಹತ್ತೂ ಬೆರಳು ಹರವಿ ಕೂತವನಿಗೆ ಅದು ಸುಲಭವಿರಬಹುದು. ನಾನು "ನಾ" ಹುಡುಕುವಷ್ಟರಲ್ಲಿ ನೆಗೆಣ್ಣಿ ಬರೆದು ಮುಗಿಸಿ, ಕೆಳಗೆ ನಗುವ ಮುಖವನ್ನೂ ಅಂಟಿಸಿದಳು. ಇತ್ತ ನನ್ನ ರೊಟ್ಟಿ ಕರಕಾಯಿತು.

ಸಂಜೆ ಮಗ ಬಂದು ತಾಟಿನ ಮುಂದೆ ಕೂತ. ಆ ಕರಕು ರೊಟ್ಟಿಯನ್ನೇ ಬಡಿಸಿದೆ.

"ಇದೇನ ಬೇ ಇದು?"

"ಆಫೀಸಿನ ನಮೂನಿ ರೊಟ್ಟಿ. ಎಲ್ಲಾ ಕಡೆ ಒಂದ ನಮೂನಿ ಇದ್ರ ಚೊಲೊ."

"ಎರಡ ದಿನಕ್ಕ ರೂಢಿ ಆಕ್ಕೇತಿ ತಗೋ."

"ಹೌದಾ? ಹಂಗಾರ ಇದೂ ರೂಢಿ ಆಕ್ಕೇತಿ. ತಿನ್ನು."

ಅವನು ಮುಖ ಗಂಟಿಕ್ಕಿದ. ನಾನು ಬುಟ್ಟಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತೆ. ಒಳಗಿನ ಬಿಸಿ ರೊಟ್ಟಿಯ ವಾಸನೆ ಅವನನ್ನು ಸುಮ್ಮನೆ ಬಿಡಲಿಲ್ಲ. ಕಡೆಗೆ ಫೋನು ಕಿತ್ತುಕೊಂಡು, ಗೊಣಗುತ್ತಲೇ ನನ್ನ ಕೀಬೋರ್ಡನ್ನು ಮರಳಿ ತಂದಿಟ್ಟ. ನಾನು ಕ, ಖ, ಗ ಎಲ್ಲ ಇವೆಯೇ ಎಂದು ಒತ್ತಿ ನೋಡಿದ ಮೇಲೆಯೇ ಬುಟ್ಟಿ ತೆರೆದೆ. ಆದರೆ ಮೊರಬದ ಕೆಲಸ ಮರಳಿ ಬರುವುದೇ?

ಕಾರ್ಯದ ಹಿಂದಿನ ದಿನ ಗುಂಪಿನಲ್ಲಿ ನೆಗೆಣ್ಣಿ ಬರೆದಳು: "ಅಕ್ಕಾ, ನನ್ನ ಒಬ್ಬಾಕಿ ಕೈಲೆ ಆಗವಲ್ದು. ನೀನೂ ಬಂದು ನಾಕು ಬಡದು ಕೊಡು."

ಬಲಗೈ ಹಿಟ್ಟಿನಲ್ಲಿತ್ತು. ಎಡಗೈ ಹೆಬ್ಬೆರಳಿನಿಂದ ಬರೆದೆ: "ಬರೂದಿಲ್ಲ. ನಿನ್ನ ಹಿಟ್ಟು, ನಿನ್ನ ಹಂಚು."

ಮಗ ಇಣುಕಿ ನೋಡಿ ಗಾಬರಿಯಾದ. "ಯವ್ವಾ, ಗುಂಪಿನಾಗ ಎಲ್ಲಾರೂ ಓದ್ತಾರ ಬೇ!"

"ಓದಲಿ ಅಂತನ ಬರದೇನಿ," ಎಂದು ಕಳಿಸಿಬಿಟ್ಟೆ.