ಒಳಮುಖದ ಬಾಣ

ವರ್ಲಿನ್‌ಗೆ ಈಜು ಬಂದ ಮೇಲೇ ನಡಿಗೆ ಬಂದದ್ದು ಅಂತ ಅವನ ತಾಯಿ ಹೇಳುತ್ತಿದ್ದಳು. ಉತ್ತರ ಫ್ಲೋರಿಡಾದ ನಮ್ಮ ಕಡೆ ನದಿಗಳು ಅರ್ಧ ದಾರಿ ನೆಲದೊಳಗಿನ ಗವಿಗಳಲ್ಲೇ ಹರಿಯುತ್ತವೆ. ಆ ಕತ್ತಲಲ್ಲಿ ಮುಳುಗಿ, ಹಿಂದೆ ಬರುವವರಿಗೆ ದಾರಿ ತಪ್ಪದಂತೆ ಹಗ್ಗ ಕಟ್ಟುವುದು, ಕವಲು ಬಂದಲ್ಲಿ ಹಗ್ಗಕ್ಕೆ ಪ್ಲಾಸ್ಟಿಕ್ ಬಾಣ ಸಿಕ್ಕಿಸುವುದು ಅವನ ಕಸುಬು. ಬಾಣದ ಮೂತಿ ಯಾವಾಗಲೂ ಹೊರಬಾಯಿಯ ಕಡೆಗೇ ಇರಬೇಕು. ಹೂಳೆದ್ದು ದೀಪ ಕುರುಡಾದರೆ ಅದನ್ನು ಬೆರಳಲ್ಲಿ ತಡವಿಯೇ ಜನ ಬದುಕಿ ಬರುತ್ತಾರೆ. ಊರಿನ ಇನ್ನೊಬ್ಬ ಮುಳುಗುಗಾರ ಹಾಯ್ಟ್ ಒಮ್ಮೆ ಹಾಗೆ, ವರ್ಲಿನ್ ಸಿಕ್ಕಿಸಿದ ಬಾಣ ತಡವಿ ಬಂದವನು. ಅಂದಿನಿಂದ ಇಬ್ಬರೂ ಜೋಡಿ.

ನೀರಿನ ಗವಿಯಲ್ಲಿ ಸಿಕ್ಕಿಬಿದ್ದವರ ಸಿನಿಮಾ ತೆಗೆಯಲು ಜನ ಬಂದರು. ನಾಯಕನ ಬದಲು ಮುಳುಗಲು ವರ್ಲಿನ್‌ನನ್ನು ಕರೆದರು.

"ಆ ಬಾಣ ಒಳಗಡೆ ತಿರುಗಿಸಪ್ಪಾ, ಕ್ಯಾಮೆರಾಕ್ಕೆ ಚೆನ್ನಾಗಿ ಕಾಣ್ತದೆ" ಅಂದ ನಿರ್ದೇಶಕ.

ಹಾಗೆ ಮಾಡಬಾರದು ಅಂತ ವರ್ಲಿನ್‌ಗೆ ಗೊತ್ತು. ಆದರೆ ಪರದೆ ಮೇಲೆ ತನ್ನ ಹೆಸರು ಬರುತ್ತದಲ್ಲ. ತಿರುಗಿಸಿಬಿಟ್ಟ. ಚಿತ್ರ ತೆಗೆದದ್ದೇ ಮತ್ತೆ ಸರಿ ಮಾಡಿದ, ಅದೂ ನಿಜ.

ಸಿನಿಮಾ ಬಂದಾಗ ಪೇಪರಿನವರು ಉಗಿದರು. ಕಥೆ ಹಳಸಲು, ಮಾತು ಒಣ ಕೊರಡು. ನೀರೊಳಗಿನದು ಮಾತ್ರ ಅಪ್ಪಟ ನಿಜ ಅಂತ ಬರೆದರು. ಊರಲ್ಲಿ ಹೋಟೆಲ್ ನಡೆಸುವ ಓಪಲ್ ಪೇಪರಿನ ಆ ತುಂಡನ್ನು ಕತ್ತರಿಸಿ ಅಲ್ಲಿನ ಗೋಡೆಗೆ ಅಂಟಿಸಿದಳು.

ಆಮೇಲೆ ಊರಿನ ಮುಳುಗುಗಾರರೆಲ್ಲ ಒಟ್ಟಿಗೆ ಹೋಗಿ ನೋಡಿದರು. ಒಳಕ್ಕೆ ತಿರುಗಿದ ಬಾಣ ಕಂಡಾಗ ಜೋಳದ ಅರಳು ಅಗಿಯುವ ಸದ್ದು ನಿಂತಿತು.

ಹೋಟೆಲಿಗೆ ಬಂದಾಗ ಯಾರೋ ಕೆಣಕಿದರು. "ಏನಪ್ಪಾ ಹೀರೋ, ಈ ಬಾಗಿಲಲ್ಲಿ ಒಳಗೆ ಬರ್ಬೇಕೋ, ಹೊರಗೆ ಹೋಗ್ಬೇಕೋ?"

ಎಲ್ಲರೂ ನಕ್ಕರು, ಹಾಯ್ಟ್ ನಗಲಿಲ್ಲ.

"ಆಮೇಲೆ ಸರಿ ಮಾಡಿದೆ ಕಣೋ" ಅಂದ ವರ್ಲಿನ್.

"ಮಾಡಿರ್ತೀಯ ಬಿಡು" ಅಂದ ಹಾಯ್ಟ್.

"ನಂಬಿಕೆ ಇಲ್ವೇನೋ?"

"ಮೀನು ಆರ್ತದೆ, ತಿನ್ನು."

ಮುಂದಿನ ಶನಿವಾರ ಇಬ್ಬರೂ ಮುಳುಗಿದರು. ಕವಲಲ್ಲಿ ವರ್ಲಿನ್ ಬಾಣ ಸಿಕ್ಕಿಸಿ ಮುಂದೆ ಹೋದ. ಹಿಂದೆ ಬರಬೇಕಾದ ಬೆಳಕು ಬರಲಿಲ್ಲ. ತಿರುಗಿ ನೋಡಿದರೆ ಹಾಯ್ಟ್ ಅಲ್ಲೇ ನಿಂತು, ಬಾಣದ ಮೂತಿ ಯಾವ ಕಡೆಗಿದೆ ಅಂತ ಬೆರಳಲ್ಲಿ ತಡವಿ ನೋಡುತ್ತಿದ್ದ. ಜೋಡಿಯಾದ ಇಷ್ಟು ವರ್ಷದಲ್ಲಿ, ದೀಪ ಉರಿಯುತ್ತಿರುವಾಗ ಅವನು ವರ್ಲಿನ್‌ನ ಬಾಣವನ್ನು ಹಾಗೆ ಪರೀಕ್ಷಿಸಿದವನಲ್ಲ. ವರ್ಲಿನ್ ನೋಡದವನ ಹಾಗೆ ತನ್ನ ದೀಪವನ್ನು ಗವಿಯ ಗೋಡೆ ಕಡೆ ಹೊರಳಿಸಿಕೊಂಡ.

ದಡಕ್ಕೆ ಬಂದದ್ದೇ ವರ್ಲಿನ್ ಒದ್ದೆ ತಲೆಯಲ್ಲೇ ಹೋಟೆಲಿಗೆ ಹೋಗಿ ಗೋಡೆಗೆ ಅಂಟಿಸಿದ್ದ ಆ ಪೇಪರಿನ ತುಂಡು ಕೀಳತೊಡಗಿದ.

"ಯಾಕೋ ಕೀಳ್ತೀಯ? ನೀನು ಮಾಡಿದ್ದೊಂದೇ ಅಪ್ಪಟ ನಿಜ ಅಂತ ಬರ್ದಿದಾರಲ್ಲೋ" ಅಂದಳು ಓಪಲ್.

"ಅದಕ್ಕೇ ಅಕ್ಕಾ" ಅಂದ.