ಆಸ್ಪತ್ರೆಗೆ ಮೊದಲಿನ ತಲೆಸ್ನಾನ

ಬೆಳ್ಳುಳ್ಳಿಯ ಎಸಳು ಎಣ್ಣೆಯಲ್ಲಿ ಮೊದಲು ಅಂಚಿನಲ್ಲಿ ಕೆಂಪಾಗುತ್ತದೆ. ನಡುವೆ ಸ್ವಲ್ಪ ಹೊತ್ತು ಬೆಳ್ಳಗೇ ಉಳಿದಿರುತ್ತದೆ. ಅಷ್ಟರಲ್ಲೇ ಸೌಟನ್ನು ಒಲೆಯಿಂದ ಇಳಿಸಬೇಕು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಈಗ ಸಿ.ವಿ. ರಾಮನ್ ನಗರದ ಬಾಡಿಗೆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಆ ವಾಸನೆ ಎದ್ದರೆ ನನ್ನ ತಲೆ ತಾನಾಗಿ ಬಲಕ್ಕೆ ವಾಲುತ್ತದೆ, ಎಡಗಿವಿ ಮೇಲಾಗುತ್ತದೆ. ಯಾರಾದರೂ ನೋಡಿದರೆ ಏನಾಯಿತು ಎಂದು ಕೇಳುತ್ತಾರೆ. ಏನಿಲ್ಲ ಎನ್ನುತ್ತೇನೆ.

ಕಾಕ್ಸ್ ಟೌನಿನ ಆ ಮನೆ ಈಗಿಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಫ್ಲಾಟುಗಳಿವೆ. ಆಗ ಎರಡು ಕೋಣೆ, ಕೆಂಪು ಗಾರೆಯ ನೆಲ, ಹಿಂದೆ ಸಣ್ಣ ಅಂಗಳ, ಅಂಗಳದ ಮೂಲೆಯಲ್ಲಿ ಹಂಡೆಯಿದ್ದ ಬಚ್ಚಲು. ಬೆಳಗ್ಗೆ ಪಕ್ಕದ ಬೀದಿಯ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು, ಅದರ ಹಿಂದೆಯೇ ಚರ್ಚಿನ ಗಂಟೆ. ಗಂಟೆ ನನಗೆ ಒಂದೇ ಕಿವಿಯಲ್ಲಿ ಕೇಳುತ್ತಿತ್ತು. ಐದನೆಯ ವರ್ಷದ ಒಂದು ನೆಗಡಿಯಿಂದ ಎಡಗಿವಿ ಸೋರತೊಡಗಿ, ಒಳಗಿನ ತಮಟೆಯಲ್ಲಿ ತೂತಾಗಿತ್ತು. ಅಪ್ಪನಿಗೆ ಇಲ್ಲಿ ಕಚೇರಿಯ ಕೆಲಸ ಸಿಕ್ಕಿದಾಗ ಕಲಬುರಗಿಯಿಂದ ನಮ್ಮ ಮೂವರ ಜೊತೆ ಅಪ್ಪನ ಅಕ್ಕನೂ ಬಂದಿದ್ದಳು. ಗಂಡನಿಲ್ಲದ ಅವಳೇ ಅಪ್ಪನನ್ನು ಸಾಕಿ ಓದಿಸಿದವಳು. ನನಗೆ ಅವಳು ಅತ್ತಿ. ನನ್ನ ತಲೆ, ಜಡೆ, ಸ್ನಾನ ಎಲ್ಲ ಅವಳ ಪಾಲಿನದು. ನಿಮ್ಮ ಮನೆಯಲ್ಲೂ ಹೀಗೆ ಮಕ್ಕಳ ತಲೆಯೊಂದನ್ನೇ ತನ್ನದೆಂದು ಇಟ್ಟುಕೊಂಡ ಹೆಂಗಸು ಇದ್ದಿದ್ದರೆ, ಆ ಕೈಗಳ ಭಾರ ಎಂಥದೆಂದು ಹೇಳಬೇಕಾಗಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ಶಿವಾಜಿನಗರದ ಹತ್ತಿರದ ಆಸ್ಪತ್ರೆಯೊಂದರ ಡಾಕ್ಟರಮ್ಮ ಆಪರೇಷನ್ ಮಾಡಿ ತೂತು ಮುಚ್ಚಬಹುದು ಎಂದರು. ಒಂದೇ ಷರತ್ತು: ಕಿವಿ ಮೂರು ತಿಂಗಳು ಒಣಗಿರಬೇಕು, ನೀರು ಸೋಕಬಾರದು, ಎಣ್ಣೆ ಬಿಡಲೇಬಾರದು. ಪ್ರತಿ ತಿಂಗಳ ಮೊದಲ ಗುರುವಾರ ಬಂದು ತೋರಿಸಬೇಕು. ತಡಮಾಡಿದರೆ ಒಳಗಿನ ಎಲುಬೂ ಸವೆಯುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದೂ ಹೇಳಿದರು. ಶಾಲೆಯಲ್ಲಿ ನಾನು ಎಡಗಿವಿ ಗೋಡೆಗೆ ಬರುವಂತೆ ಮೂಲೆಯ ಬೆಂಚು ಹಿಡಿದು ಕೂರುತ್ತಿದ್ದೆ. ಆದರೂ ಪ್ರೋಗ್ರೆಸ್ ಕಾರ್ಡಿನಲ್ಲಿ ಪ್ರತಿ ಸಲ ‘ಪಾಠದ ಕಡೆ ಗಮನವಿಲ್ಲ’ ಎಂದೇ ಬರುತ್ತಿತ್ತು.

ಅತ್ತಿ ತನಗೆ ತಿಳಿದಮಟ್ಟಿಗೆ ಡಾಕ್ಟರ ಮಾತನ್ನು ಮೀರಿದವಳಲ್ಲ. ಇಡೀ ತಿಂಗಳು ನನ್ನ ತಲೆಗೆ ನೀರು ಹೊಯ್ಯುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಕೂದಲನ್ನು ಎಳೆ ಎಳೆಯಾಗಿ ಒರೆಸುತ್ತಿದ್ದಳು. ಆದರೆ ಗುರುವಾರ ಆಸ್ಪತ್ರೆ ಎಂದರೆ ಅದರ ಹಿಂದಿನ ಮಂಗಳವಾರ ಹಂಡೆಗೆ ಬೆಂಕಿ ಬೀಳುತ್ತಿತ್ತು. “ತಿಂಗಳ ತಲಿ ತೊಗೊಂಡು ಹ್ಯಾಂಗ ಹೋಗೂದು? ಡಾಕ್ಟರಮ್ಮ ಏನಂದಾಳು, ಇವರ ಮನ್ಯಾಗ ನೀರಿಲ್ಲೇನು ಅಂದಾಳ!” ದೊಡ್ಡವರ ಮುಂದೆ ಕೂಸನ್ನು ಎರೆದು, ಬಾಚಿ, ಹೊಳೆಯುವಂತೆ ಮಾಡಿಯೇ ನಿಲ್ಲಿಸಬೇಕೆಂಬುದು ಅವಳ ನೇಮ. ನೀರು ಒಳಗೆ ಹೋಗದಿರಲೆಂದು ಮೊದಲು ಕಿವಿಗೆ ಎರಡು ಹನಿ ಬೆಚ್ಚನೆಯ ಬೆಳ್ಳುಳ್ಳಿ ಎಣ್ಣೆ. “ಎಣ್ಣಿ ಇದ್ದಲ್ಲಿ ನೀರು ಹೋಗಂಗಿಲ್ಲ, ಸುಮ್ ಕುಂದ್ರು.” ಆಮೇಲೆ ಸೀಗೆಪುಡಿ, ತಂಬಿಗೆ ತಂಬಿಗೆ ಬಿಸಿನೀರು, ಸಾಂಬ್ರಾಣಿಯ ಹೊಗೆ. ನಾನು ಮುಖ ಗಂಟಿಕ್ಕಿದರೆ ನಗಿಸುತ್ತಿದ್ದಳು: “ಒಂದ್ ಕಿವಿ ಹೋದ್ರ ಹೋಗ್ಲಿ ಬಿಡವ್ವಾ, ನಾಳೆ ಅತ್ತಿಮನ್ಯಾಗ ಬೈದದ್ದು ಅರ್ಧಾನೇ ಕೇಳ್ತದ.” ನಾನು ನಗುತ್ತಿದ್ದೆ. ಅದೇ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಗುರುವಾರ ಡಾಕ್ಟರಮ್ಮ ದೀಪ ಹಿಡಿದು ನೋಡುವ ಹೊತ್ತಿಗೆ ಕಿವಿ ಸೋರುತ್ತಿರುತ್ತಿತ್ತು. “ಏನ್ರೀ ಇದು, ಮತ್ತೆ ಸೋರ್ತಿದೆಯಲ್ಲಾ! ಮನೇಲಿ ಏನ್ ಹಾಕ್ತೀರಾ?” ಅವ್ವ ಸೆರಗಿನ ಅಂಚು ನೋಡುತ್ತ, “ಏನೂ ಹಾಕಿಲ್ರಿ ಮೇಡಂ, ನೀವು ಕೊಟ್ಟ ಹನಿ ಅಷ್ಟ” ಎನ್ನುತ್ತಿದ್ದಳು. ಹೊಸ ಹನಿ, ಮತ್ತೊಂದು ತಿಂಗಳು. ಮೂರು ಸಲ ಹೀಗಾಯಿತು. ನಾನು ಬೆಳಗ್ಗೆ ಎದ್ದು ದಿಂಬಿನ ಬಟ್ಟೆಯಲ್ಲಿ ಕಲೆ ಇದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದೆ. ಚುಕ್ಕೆಗಳೆಲ್ಲ ಮೊದಲ ಗುರುವಾರದಿಂದ ಶುರುವಾಗಿ ಒಂದು ವಾರದಲ್ಲಿ ಮುಗಿಯುತ್ತಿದ್ದವು; ಉಳಿದ ತಿಂಗಳೆಲ್ಲ ಖಾಲಿ. ಡಾಕ್ಟರು ನೋಡುವ ವಾರ ಬಿಟ್ಟರೆ ನನ್ನ ಕಿವಿ ಒಣಗಿಯೇ ಇರುತ್ತಿತ್ತು. ಅವ್ವನಿಗೆ ತೋರಿಸಿದೆ. ಅವಳು ಹಾಳೆ ನೋಡಿ, ಅತ್ತಿಯಿದ್ದ ಅಡುಗೆಮನೆಯ ಕಡೆ ನೋಡಿ, ಮೆಲ್ಲಗೆ ಹೇಳಿದಳು: “ನನಗ ಗೊತ್ತದ. ಅಕ್ಕಾರಿಗಿ ನಾ ಹ್ಯಾಂಗ ಹೇಳ್ಲಿ? ನೀನೂ ಅನಬ್ಯಾಡ.” ಅಪ್ಪನನ್ನು ಕೇಳಿದರೆ, “ನೋಡೂಣ” ಎಂದು ಪೇಪರು ತಿರುವಿದ. ನನ್ನ ಕಿವಿಯ ಬಗ್ಗೆ ಆ ಮನೆಯಲ್ಲಿ ಎಲ್ಲರಿಗೂ ಕಾಳಜಿಯಿತ್ತು. ಅಷ್ಟು ಕಾಳಜಿಯ ನಡುವೆ ಒಂದು ವಾಕ್ಯ ಹೇಳುವವರಿರಲಿಲ್ಲ.

ನಾಲ್ಕನೆಯ ತಿಂಗಳು ಅವ್ವನಿಗೆ ಜ್ವರ. ಅತ್ತಿಯೇ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದಳು. ಡಬ್ಬಿಯಲ್ಲಿ ಡಾಕ್ಟರಮ್ಮನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಡಾಕ್ಟರಮ್ಮ ಕಿವಿಯೊಳಗೆ ನೋಡಿದವರೇ ಪೆನ್ನು ಮೇಜಿನ ಮೇಲೆ ಹಾಕಿದರು. “ಇನ್ನು ನಾನು ಡೇಟ್ ಕೊಡಲ್ಲ. ನಿಮಗೆ ಬೇಡದಿದ್ರೆ ನನಗ್ಯಾಕೆ?” ಅತ್ತಿ ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಹೇಳಿಬಿಟ್ಟೆ: “ಇಲ್ಲಿಗೆ ಬರೋ ಮುಂಚೆ ಪ್ರತಿ ಸಲ ಅತ್ತಿ ಎಣ್ಣೆ ಬಿಟ್ಟು ತಲೆಗೆ ಎರೀತಾಳೆ.” ಡಾಕ್ಟರಮ್ಮ ಅತ್ತಿಯ ಕಡೆ ತಿರುಗಿದರು. “ಏನಮ್ಮಾ ನೀವು, ನಿಮ್ಮ ಕೈಯಾರೆ ಮಗೂನ ಕಿವುಡಿ ಮಾಡ್ತಿದ್ದೀರಾ?” ಆಮೇಲೆ ನನಗೆ, ನನಗೊಬ್ಬಳಿಗೇ, ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಳ್ಳುವುದನ್ನು ತೋರಿಸಿಕೊಟ್ಟರು. ಹೋಳಿಗೆಯ ಡಬ್ಬಿ ತೆರೆಯಲೇ ಇಲ್ಲ. ಮನೆಯವರೆಗೂ ಅದು ಅತ್ತಿಯ ಮಡಿಲಲ್ಲೇ ಇತ್ತು. ಬಾಗಿಲು ದಾಟುತ್ತಲೇ ಅವಳು ಮಲಗಿದ್ದ ಅವ್ವನನ್ನು ಕೇಳಿದಳು: “ನಿನಗ ಗೊತ್ತಿತ್ತೇನು?” ಅವ್ವ ಗೋಡೆಯ ಕಡೆ ಹೊರಳಿದಳು. “ಹೇಳಿದ್ರ ನಾ ಬಿಡ್ತಿದ್ದಿಲ್ಲೇನು? ನಾ ಏನ್ ವೈರಿ ಏನ?”

ಕಿವಿ ಒಣಗಿತು. ಆಪರೇಷನ್ ಆಯಿತು. ಮುಕ್ಕಾಲು ಪಾಲು ಕೇಳಿಸಿತು. ಉಳಿದ ಕಾಲು ಪಾಲು ಆ ನಾಲ್ಕು ತಿಂಗಳಲ್ಲಿ ಹೋಯಿತೋ, ಮೊದಲೇ ಹೋಗಿತ್ತೋ, ಯಾರೂ ಖಚಿತವಾಗಿ ಹೇಳಲಿಲ್ಲ. ಅತ್ತಿ ಮತ್ತೆಂದೂ ನನ್ನ ತಲೆ ಮುಟ್ಟಲಿಲ್ಲ. ಕಿವಿ ಪೂರ್ತಿ ವಾಸಿಯಾದ ಮೇಲೂ, ಹಬ್ಬದ ದಿನವೂ ಇಲ್ಲ. ಕೇಳಿದರೆ, “ಬ್ಯಾಡವ್ವಾ, ನನ್ನ ಕೈ ಛಲೋ ಇಲ್ಲ” ಎನ್ನುತ್ತಿದ್ದಳು. ಅವಳಿಲ್ಲದೆ ಈಗ ಹಲವು ವರ್ಷ. ನಾನು ಹೇಳಿದ್ದು ಸರಿ ಎಂದು ನನಗೆ ಗೊತ್ತು. ಅಂಗಳದಲ್ಲಿ ಹೇಳಬಹುದಾಗಿದ್ದ ಮಾತನ್ನು ಆಸ್ಪತ್ರೆಯಲ್ಲಿ ಹೇಳಿದೆ ಎಂಬುದೂ ಗೊತ್ತು.

ಅತ್ತಿಯ ಜೊತೆ ಆಸ್ಪತ್ರೆಗೆ ಹೋಗಿಬಂದ ಮರುದಿನ ಬೆಳಗ್ಗೆ ನಾನು ಎದ್ದು ಕುತ್ತಿಗೆಯಿಂದ ಕೆಳಗೆ ನಾನೇ ಸ್ನಾನ ಮಾಡಿದೆ. ಹತ್ತಿಗೆ ವ್ಯಾಸಲೀನ್ ಸವರಿ ಎಡಗಿವಿಗೆ ಇಟ್ಟುಕೊಂಡೆ. ಬಾಚಣಿಗೆ, ರಿಬ್ಬನ್ ತಂದು ಎಂದಿನಂತೆ ಅಂಗಳದ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಮಾಡಿ ಕೂತು, ಬಾಚಣಿಗೆಯನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ಚಾಚಿದೆ. ಅತ್ತಿ ಹಿಂದೆ ಬಂದು ನಿಂತಳೋ ಇಲ್ಲವೋ, ಹತ್ತಿ ತುಂಬಿದ ಆ ಕಿವಿಗೆ ತಿಳಿಯಲಿಲ್ಲ. ತಿರುಗಿ ನೋಡಲಿಲ್ಲ. ಕೈ ಸೋಲುವವರೆಗೆ ಹಾಗೇ ಹಿಡಿದಿದ್ದೆ. ಆಮೇಲೆ ಬೈತಲೆ ಸೊಟ್ಟಗೆ ತೆಗೆದು, ನಾನೇ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋದೆ.